ಉಸುಕಿನಲ್ಲಿ ಚೆನ್ನಮ್ಮನ ದರ್ಬಾರು: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ಚಲನಚಿತ್ರದ ದೃಶ್ಯವೊಂದನ್ನು ಉಸುಕಿನ ಶಿಲ್ಪವಾಗಿ ಮೂಡಿಸುವ ಕುರಿತು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಕಿತ್ತೂರು ಉತ್ಸವದ ದಿನಗಳಲ್ಲಿ ನಮ್ಮ ಪ್ರೌಢಶಾಲೆಯ ಮೈದಾನದಲ್ಲಿ ‘ಕಿತ್ತೂರು ಚೆನ್ನಮ್ಮ’ ಚಿತ್ರದ ನೆನಪಿಗೆ ಒಂದು ಉಸುಕಿನ ಶಿಲ್ಪ ಮಾಡಬೇಕೆಂದಿದ್ದೇವೆ. ಮುಂಗಾಲೆತ್ತಿದ ಕುದುರೆಯ ಮೇಲೆ ಕತ್ತಿ ಹಿರಿದು ಕುಳಿತ ರಾಣಿಯನ್ನೇ ಮಾಡಬೇಕೆಂದು ಮಕ್ಕಳು ಹಟ ಹಿಡಿದಿದ್ದಾರೆ. ಒಂಬತ್ತನೆಯ ತರಗತಿಯವರಿಂದ ಇದು ಆದೀತೆ?
ಚಿತ್ರಕಲಾ ಶಿಕ್ಷಕಿ, ಬೈಲಹೊಂಗಲ

ಉತ್ತರ: ಕುದುರೆಯನ್ನು ಕೈಬಿಟ್ಟು ರಾಣಿಯನ್ನು ಸಿಂಹಾಸನದ ಮೇಲೆ ಕೂರಿಸಿ ಎಂಬುದು ನನ್ನ ಸಲಹೆ. ಬೆಳಗಾವಿಯ ಚೆನ್ನಮ್ಮ ವೃತ್ತದಲ್ಲಿ ಕುದುರೆಯೇರಿದ ರಾಣಿಯ ಪ್ರತಿಮೆಯನ್ನು ನೋಡುತ್ತ ಬೆಳೆದ ಮಕ್ಕಳಿಗೆ ಈ ಮಾತು ಮೊದಲು ರುಚಿಸದಿರಬಹುದು. ಆದರೆ ಲೋಹದ ಕುದುರೆ ಎರಡು ತೆಳುವಾದ ಕಾಲುಗಳ ಮೇಲೆ ತನ್ನ ಭಾರವನ್ನೆಲ್ಲ ಹೊರಬಲ್ಲದು, ಉಸುಕಿನ ಕುದುರೆ ಹೊರಲಾರದು. ಹಸಿ ಉಸುಕಿನ ಕಣಗಳ ನಡುವೆ ನೀರು ಸಣ್ಣ ಸಣ್ಣ ಸೇತುವೆಗಳಾಗಿ ನಿಂತಿರುತ್ತದೆ, ಆ ನೀರಿನ ಮೇಲ್ಮೈ ಎಳೆತವೇ ಕಣಗಳನ್ನು ಒಂದಕ್ಕೊಂದು ಹಿಡಿದಿಡುತ್ತದೆ. ಮೇಲಿನಿಂದ ಬೀಳುವ ಒತ್ತಡವನ್ನು ತಾಳಿಕೊಳ್ಳಲು ಈ ಹಿಡಿತ ಸಾಕು. ಗಾಳಿಯಲ್ಲಿ ಚಾಚಿಕೊಂಡ ಕಾಲು, ಕೆಳಗೆ ಆಸರೆಯಿಲ್ಲದ ಹೊಟ್ಟೆ, ಮುಂದಕ್ಕೆ ನೀಡಿದ ಕತ್ತಿ ಇವೆಲ್ಲ ತಮ್ಮ ತೂಕದಿಂದಲೇ ಕೆಳಕ್ಕೆ ಜಗ್ಗುವಾಗ ಅದು ಸಾಕಾಗುವುದಿಲ್ಲ. ಜೊತೆಗೆ, ತೆಳುವಾದ ಭಾಗಕ್ಕೆ ಅದರ ಗಾತ್ರಕ್ಕೆ ಹೋಲಿಸಿದರೆ ಗಾಳಿಗೆ ತೆರೆದ ಮೇಲ್ಮೈ ಹೆಚ್ಚಾಗಿರುವುದರಿಂದ ಅದು ಉಳಿದೆಲ್ಲ ಭಾಗಗಳಿಗಿಂತ ಮೊದಲು ಒಣಗುತ್ತದೆ, ಒಣಗಿದ ಕೂಡಲೇ ಉದುರುತ್ತದೆ.

ನೀವು ಆರಿಸಿಕೊಂಡ ಚಿತ್ರದಲ್ಲಿಯೇ ಉಸುಕಿಗೆ ಒಪ್ಪುವ ದೃಶ್ಯ ಒಂದಿದೆ. ಬಿ.ಆರ್. ಪಂತುಲು ಅವರು ನಿರ್ದೇಶಿಸಿ 1961ರಲ್ಲಿ ತೆರೆಗೆ ಬಂದ ಆ ಚಿತ್ರದಲ್ಲಿ ರಾಣಿಯಾಗಿ ನಟಿಸಿದ ಬಿ. ಸರೋಜಾದೇವಿಯವರು ಕಪ್ಪ ಕೊಡಲು ನಿರಾಕರಿಸಿ ಆಡುವ ಮಾತುಗಳನ್ನು ಏಕಪಾತ್ರಾಭಿನಯದಲ್ಲಿ ಒಪ್ಪಿಸದ ಶಾಲೆ ನಮ್ಮ ಭಾಗದಲ್ಲಿ ಇರಲಿಕ್ಕಿಲ್ಲ. ನಿಮ್ಮ ಮಕ್ಕಳಿಗೂ ಅವು ಬಾಯಿಪಾಠವಾಗಿರುತ್ತವೆ. ಆ ಸಂದರ್ಭವನ್ನು ಕುಳಿತ ಭಂಗಿಗೆ ಇಳಿಸಿಕೊಳ್ಳಿ. ಚಿತ್ರದ ಚೌಕಟ್ಟನ್ನು ಇದ್ದಂತೆಯೇ ನಕಲು ಮಾಡಬೇಕಾಗಿಲ್ಲ, ಆ ಗಳಿಗೆಯ ಬಿಗಿ ನೋಡಿದವರಿಗೆ ತಟ್ಟಿದರೆ ಆಯಿತು. ಅಗಲವಾಗಿ ಹರಡಿದ ಸೀರೆಯ ನೆರಿಗೆಗಳು ಬುಡಕ್ಕೆ ಬಲ ಕೊಡುತ್ತವೆ. ಸಿಂಹಾಸನದ ಎತ್ತರದ ಒರಗು ತಲೆಗೂ ಕೊರಳಿಗೂ ಹಿಂದಿನಿಂದ ಆಸರೆಯಾಗುತ್ತದೆ. ಕತ್ತಿಯನ್ನು ಮೇಲೆತ್ತಿಸುವ ಬದಲು ಮೊನೆ ನೆಲಕ್ಕೂರಿ, ಹಿಡಿಯ ಮೇಲೆ ಎರಡೂ ಅಂಗೈಗಳನ್ನು ಇರಿಸಿದಂತೆ ಮಾಡಿ, ಅದರ ಹಿಂಬದಿಯನ್ನು ನೆರಿಗೆಗಳಿಗೆ ಅಂಟಿದಂತೆಯೇ ಬಿಡಿ. ಕಪ್ಪ ಕೇಳಲು ಬಂದವರು ಬೇಕೆನಿಸಿದರೆ ಸಿಂಹಾಸನದ ಮೆಟ್ಟಿಲಿನ ಮೇಲೆ ತೀರ ತೆಳುವಾದ ಉಬ್ಬುಚಿತ್ರವಾಗಿ ಬರಲಿ.

ಎತ್ತಿದ ಕಾಲನ್ನು ಶಿಲ್ಪಿಗಳು ಹೇಗೆ ನಿಭಾಯಿಸುತ್ತಾರೆಂದು ಮಕ್ಕಳಿಗೆ ಕಣ್ಣಾರೆ ತೋರಿಸಬೇಕೆಂದರೆ ಒಮ್ಮೆ ಬಾದಾಮಿಗೆ ಕರೆದುಕೊಂಡು ಹೋಗಿ. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯ ತ್ರಿವಿಕ್ರಮನು ಕಾಲನ್ನು ಮೇಲಕ್ಕೆ ಚಾಚಿದ್ದಾನೆ. ಪಕ್ಕಕ್ಕೆ ನಿಂತು ನೋಡಿದರೆ ಆ ಕಾಲು ಹಿಂದಿನ ಬಂಡೆಯಿಂದ ಬಿಡಿಸಿಕೊಳ್ಳದೆ ಅದಕ್ಕೇ ಅಂಟಿಕೊಂಡಿರುವುದು ತಿಳಿಯುತ್ತದೆ. ಗಟ್ಟಿಯಾದ ಮರಳುಗಲ್ಲಿನಲ್ಲಿಯೂ ಚಾಲುಕ್ಯರ ಶಿಲ್ಪಿಗಳು ಹಿಂದಿನ ಆಸರೆಯನ್ನು ಬಿಟ್ಟುಕೊಡಲಿಲ್ಲ. ಕುದುರೆ ಬೇಕೇ ಬೇಕು ಎಂದು ಮಕ್ಕಳು ಕೇಳಿದರೆ, ಇದೇ ಕ್ರಮದಲ್ಲಿ ಅದರ ತಲೆ ಮತ್ತು ಎದೆಯಷ್ಟೇ ಸಿಂಹಾಸನದ ಪಕ್ಕದ ಗೋಡೆಯಿಂದ ಹೊರಬರುತ್ತಿರುವಂತೆ ಕೊರೆಯಿರಿ.

ಅಳತೆಯ ಬಗ್ಗೆ ಒಂದು ಮಾತು. ಉಸುಕಿನ ಕಂಬದ ಎತ್ತರದ ಮಿತಿಯ ಬಗ್ಗೆ 2012ರಲ್ಲಿ ಪ್ರಕಟವಾದ ಭೌತಶಾಸ್ತ್ರದ ಅಧ್ಯಯನವೊಂದರ ಪ್ರಕಾರ, ಬುಡದ ಅಗಲವನ್ನು ಇಮ್ಮಡಿ ಮಾಡಿದರೆ ಎತ್ತರದ ಮಿತಿ ಸುಮಾರು 1.6 ಪಟ್ಟು ಮಾತ್ರ ಹೆಚ್ಚುತ್ತದೆ. ಆದ್ದರಿಂದ ನಾಲ್ಕು ಅಡಿ ಎತ್ತರಕ್ಕೆ ತೃಪ್ತರಾಗಿ. ಕೆಳಗೆ 5 ಅಡಿ ಉದ್ದ, 4 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಹಲಗೆಯ ಚೌಕಟ್ಟು, ಅದರ ಮೇಲೆ 4 ಅಡಿಗೆ 3 ಅಡಿಯದು ಅಷ್ಟೇ ಎತ್ತರದ್ದು, ತುದಿಗೆ ಎರಡೂವರೆ ಅಡಿಗೆ 2 ಅಡಿಯದು ಒಂದು ಅಡಿ ಎತ್ತರದ್ದು, ಹೀಗೆ ಮೂರು ಮಜಲು ಸಾಕು. ಕಟ್ಟಡದವರ ಬಳಿ ಸಿಗುವ ಸೆಂಟ್ರಿಂಗ್ ಹಲಗೆಗಳಿಂದಲೇ ಇವನ್ನು ಮಾಡಿಕೊಳ್ಳಬಹುದು. ಬಡಿದಾಗ ಉಸುಕು ಕುಗ್ಗುವುದನ್ನೂ ಲೆಕ್ಕ ಹಿಡಿದರೆ ಒಂದು ಬ್ರಾಸ್, ಎಂದರೆ ನೂರು ಘನ ಅಡಿ ಉಸುಕು ತರಿಸಿದರೆ ಸ್ವಲ್ಪ ಮಿಗುತ್ತದೆ. ಸಿದ್ಧವಾದ ಗುಡ್ಡೆ ಎರಡೂವರೆ ಟನ್ನಿನಷ್ಟು ತೂಗುವುದರಿಂದ ಅದರ ಬುಡದಲ್ಲಿ ಸುರಂಗ ತೋಡಲು ಮಕ್ಕಳಿಗೆ ಖಂಡಿತ ಬಿಡಬೇಡಿ. ಅಕ್ಟೋಬರ್‌ನಲ್ಲಿ ಸಂಜೆಯ ಮಳೆ ಬರುವುದುಂಟು. ನೀರು ನಿಲ್ಲದ ಎತ್ತರದ ಜಾಗ ಆರಿಸಿ, ಮೇಲೆ ಶಿಲ್ಪಕ್ಕೆ ತಾಗದಂತೆ ತಾಡಪತ್ರಿ ಕಟ್ಟಿಸಿ.

ಪ್ರಶ್ನೆ: ಶಿಲ್ಪಕ್ಕೆ ಹೊಳೆಯ ಉಸುಕೇ ಬೇಕೆ, ಎಂ-ಸ್ಯಾಂಡ್ ನಡೆಯುತ್ತದೆಯೆ? ಗಟ್ಟಿಯಾಗಲೆಂದು ಎರೆ ಮಣ್ಣನ್ನೋ ಸಿಮೆಂಟನ್ನೋ ಬೆರೆಸಬಹುದೆ?
ಓದುಗರು, ಮುಧೋಳ

ಉತ್ತರ: ಎಂ-ಸ್ಯಾಂಡ್ ನಡೆಯುತ್ತದೆ, ಕೆಲವೊಮ್ಮೆ ಹೊಳೆಯ ಉಸುಕಿಗಿಂತ ಚೆನ್ನಾಗಿಯೂ ನಿಲ್ಲುತ್ತದೆ. ನೀರಿನಲ್ಲಿ ಬಹುದೂರ ಉರುಳಿ ಬಂದ ಕಣಗಳ ಅಂಚು ಸವೆದು ದುಂಡಗಾಗಿರುತ್ತದೆ, ಕಲ್ಲು ಒಡೆದು ಮಾಡಿದ ಕಣಗಳಿಗೆ ಮೂಲೆಗಳಿರುವುದರಿಂದ ಅವು ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ಕಾಂಕ್ರೀಟಿಗೆ ಬಳಸುವ ದಪ್ಪ ಮಾಲು ಬೇಡ, ಗಿಲಾವಿಗೆ ಬಳಸುವ ನುಣುಪಾದದ್ದನ್ನು ಕೇಳಿ ಪಡೆಯಿರಿ. ಹೊಳೆಯ ಉಸುಕೇ ಬೇಕೆಂದರೆ ಪರವಾನಗಿ ಇರುವವರಲ್ಲಿ ರಸೀದಿ ಪಡೆದು ಕೊಳ್ಳಿ, ಘಟಪ್ರಭೆಯ ದಂಡೆಯಿಂದ ನೀವೇ ತುಂಬಿಕೊಂಡು ಬರಬೇಡಿ.

ಎರೆ ಮಣ್ಣಿನ ವಿಷಯದಲ್ಲಿ ಎಚ್ಚರಿಕೆ ಬೇಕು. ಉಸುಕಿನಲ್ಲಿ ಸಹಜವಾಗಿ ಇರುವ ಒಂದಿಷ್ಟು ಮೆಕ್ಕಲು ಶಿಲ್ಪಕ್ಕೆ ಒಳ್ಳೆಯದೇ, ಏಕೆಂದರೆ ನೀರು ಆರಿದ ಮೇಲೂ ಆ ಸಣ್ಣ ಕಣಗಳು ದೊಡ್ಡ ಕಣಗಳನ್ನು ಹಿಡಿದುಕೊಂಡಿರುತ್ತವೆ. ಎರೆಯ ಜೇಡಿಯಾದರೋ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕಾಣುವ ಬಿರುಕು ನಿಮ್ಮ ರಾಣಿಯ ಕೆನ್ನೆಯ ಮೇಲೂ ಕಾಣಿಸಿಕೊಳ್ಳುತ್ತದೆ. ಮೆಕ್ಕಲು ಎಷ್ಟಿದೆ ಎಂದು ತಿಳಿಯಲು ಗಾಜಿನ ಬಾಟಲಿಯಲ್ಲಿ ಅರ್ಧದಷ್ಟು ಉಸುಕು ಹಾಕಿ, ನೀರು ತುಂಬಿ, ಚೆನ್ನಾಗಿ ಅಲುಗಿಸಿ ಇಡಿ. ಉಸುಕು ತಳಕ್ಕೆ ಕೂತ ಮೇಲೆ ಅದರ ಮೇಲೆ ನುಣ್ಣನೆಯ ಬೇರೆ ಬಣ್ಣದ ಪದರ ನಿಲ್ಲುತ್ತದೆ. ಆ ಪದರ ತೆಳುವಾಗಿ ಕಂಡರೆ ಉಸುಕು ಕೆಲಸಕ್ಕೆ ಬರುತ್ತದೆ, ಏನೂ ಕಾಣದಿದ್ದರೆ ಜರಡಿ ಹಿಡಿದ ಕೆಂಪು ಮಣ್ಣನ್ನು ಸ್ವಲ್ಪ ಬೆರೆಸಬಹುದು. ಸಿಮೆಂಟನ್ನು ಮಾತ್ರ ಬೆರೆಸಲೇಬೇಡಿ. ಅದು ಕೆತ್ತುವವರ ಕೈಗಿಂತ ಬೇಗ ಗಟ್ಟಿಯಾಗುತ್ತದೆ, ಚರ್ಮವನ್ನು ಸುಡುತ್ತದೆ, ಉಸುಕು ಮತ್ತೆ ಬಳಕೆಗೆ ಬರದಂತೆ ಮಾಡುತ್ತದೆ.

ಶಿಲ್ಪದ ಗಟ್ಟಿತನವೆಲ್ಲ ನೀರಿನಲ್ಲಿ ಮತ್ತು ಬಡಿತದಲ್ಲಿದೆ. ಎಂಟು ಬಕೆಟ್ ಉಸುಕಿಗೆ ಒಂದು ಬಕೆಟ್ ನೀರು ಸುಮಾರಾದ ಅಳತೆ. ಅರ್ಧ ಅಡಿ ಉಸುಕು ಹಾಕಿ, ನೀರು ಚಿಮುಕಿಸಿ, ಮೇಲೆ ಹತ್ತಿ ತುಳಿದು, ಮೂಲೆಗಳನ್ನು ದಿಮ್ಮಸಿನಿಂದ ಬಡಿದು ಆಮೇಲೆ ಮುಂದಿನ ಪದರ ಹಾಕಬೇಕು. ಹೆಚ್ಚಿನ ನೀರು ಬಡಿಯುವಾಗ ಕಣಗಳು ಒತ್ತಾಗಿ ಕೂರಲು ನೆರವಾಗಿ, ತರುವಾಯ ಕೆಳಗಿಳಿದು ನೆಲ ಸೇರುತ್ತದೆ. ಅದಕ್ಕಾಗಿಯೇ ರಾತ್ರಿಯಿಡೀ ಹಾಗೆಯೇ ಬಿಟ್ಟು ಮರುದಿನ ಕೆತ್ತನೆಗೆ ಕೈ ಹಾಕುವುದು ಲೇಸು. ಬೆರಳಿನಿಂದ ತಟ್ಟಿದಾಗ ಟಕ್ ಎನ್ನುವ ಗಟ್ಟಿ ದನಿ ಬಂದರೆ ಗುಡ್ಡೆ ಸರಿಯಾಗಿ ಕೂತಿದೆ. ಬೊದ್ದು ದನಿ ಬಂದ ಕಡೆ ಎಷ್ಟು ನಾಜೂಕಾಗಿ ಕೆತ್ತಿದರೂ ಅದು ಕುಸಿಯುತ್ತದೆ.

ಪ್ರಶ್ನೆ: ಎಷ್ಟು ಪ್ರಯತ್ನಿಸಿದರೂ ನಟಿಯ ಮುಖದ ಹೋಲಿಕೆ ಬರುವುದಿಲ್ಲ, ಮೂಗು ಮೊದಲು ಬಿದ್ದುಹೋಗುತ್ತದೆ. ಏನು ಮಾಡಬೇಕು?
ಕಾಲೇಜು ವಿದ್ಯಾರ್ಥಿ, ಗೋಕಾಕ

ಉತ್ತರ: ನೀವು ಮೂಗನ್ನು ಆಮೇಲೆ ತಂದು ಅಂಟಿಸುತ್ತಿರಬೇಕು. ಉಸುಕಿನಲ್ಲಿ ಯಾವುದನ್ನೂ ಸೇರಿಸಬಾರದು, ಸುತ್ತಲಿನದನ್ನು ತೆಗೆಯಬೇಕು. ಮುಖದ ಜಾಗದಲ್ಲಿ ಮೊಟ್ಟೆಯಾಕಾರದ ಉಬ್ಬನ್ನು ಮೊದಲು ಉಳಿಸಿಕೊಂಡು, ಕಣ್ಣುಗಳ ಮಟ್ಟದಲ್ಲಿ ಅಡ್ಡಲಾಗಿ ಒಂದು ತಗ್ಗು ಎಳೆದು, ಅಲ್ಲಿಂದ ಎರಡೂ ಕೆನ್ನೆಗಳನ್ನು ಚಮಚದ ಅಂಚಿನಿಂದ ಸ್ವಲ್ಪ ಸ್ವಲ್ಪವೇ ಹೆರೆಯುತ್ತ ಬನ್ನಿ. ನಡುವೆ ಉಳಿಯುವ ಏಣೇ ಮೂಗು. ಅದನ್ನು ನಿಜವಾದ ಮೂಗಿಗಿಂತ ಕಡಿಮೆ ಚಾಚಿ, ಬುಡದಲ್ಲಿ ತುಸು ಅಗಲವಾಗಿ ಬಿಟ್ಟರೆ ಬೀಳುವುದಿಲ್ಲ. ಕಣ್ಣುಗುಡ್ಡೆಯ ನಡುವೆ ಪೆನ್ಸಿಲ್ ತುದಿಯಿಂದ ಆಳವಾದ ತೂತು ಕೊರೆದರೆ ಅಲ್ಲಿ ನಿಲ್ಲುವ ನೆರಳೇ ನೋಟವಾಗುತ್ತದೆ. ಮೂಗುತಿ, ಸರಗಳಂಥ ಸೂಕ್ಷ್ಮಗಳನ್ನು ಕಡೆಗೆ ಇರಿಸಿಕೊಳ್ಳಿ. ಸಡಿಲ ಕಣಗಳನ್ನು ಕೈಯಿಂದ ಒರೆಸದೆ ಎಳನೀರು ಕುಡಿಯುವ ಕೊಳವೆಯಿಂದ ಊದಿ ತೆಗೆಯಿರಿ.

ಹೋಲಿಕೆಯ ಬಗ್ಗೆ ಇಷ್ಟೊಂದು ಕೊರಗಬೇಕಾಗಿಲ್ಲ. ಹಳೆಯ ಕಪ್ಪು–ಬಿಳುಪು ಚಿತ್ರಗಳಲ್ಲಿ ಪಾತ್ರದ ಗತ್ತು ನಮಗೆ ತಲುಪುವುದು ಬೆಳಕು ನೆರಳುಗಳಿಂದ, ನೆಟ್ಟಗಿನ ಬೆನ್ನಿನಿಂದ, ಗದ್ದ ತುಸು ಮೇಲಾದ ನಿಲುವಿನಿಂದ. ಒಂದೇ ಬಣ್ಣದ ಉಸುಕಿಗೂ ಬೆಳಕು ನೆರಳುಗಳೇ ಬಂಡವಾಳ. ಹತ್ತು ಹೆಜ್ಜೆ ದೂರ ನಿಂತು ಕಣ್ಣು ಕಿರಿದು ಮಾಡಿ ನೋಡಿ. ಆಗಲೂ ಭಂಗಿಯ ಗತ್ತು ಉಳಿದಿದ್ದರೆ ಮುಖ ಅರ್ಧ ಗೆದ್ದಂತೆಯೇ. ಸಂಜೆಯ ಪ್ರದರ್ಶನಕ್ಕೆ ದೀಪವನ್ನು ಎದುರಿಗಿಡದೆ ಒಂದು ಪಕ್ಕಕ್ಕೆ, ಕೆಳಮಟ್ಟದಲ್ಲಿ ಇಡಿ. ಎದುರು ಬೆಳಕು ಎಷ್ಟೋ ಗಂಟೆಗಳ ಕೆತ್ತನೆಯನ್ನು ಸಪಾಟಾಗಿ ತೋರಿಸಿಬಿಡುತ್ತದೆ.

ಪ್ರಶ್ನೆ: ನಮ್ಮ ಊರಿನ ಬಿಸಿಲಿನಲ್ಲಿ ಇಂಥ ಶಿಲ್ಪ ಒಂದು ದಿನವಾದರೂ ಉಳಿದೀತೆ? ಇದನ್ನು ಕಾಯಮ್ಮಾಗಿ ಇಡಲು ಸಾಧ್ಯವೆ?
ಓದುಗರು, ವಿಜಯಪುರ

ಉತ್ತರ: ಮಳೆ, ಗಾಳಿ, ದನಕರುಗಳಿಂದ ಕಾಪಾಡಿದರೆ ಚೆನ್ನಾಗಿ ಬಡಿದ ಶಿಲ್ಪ ಹಲವು ದಿನ ನಿಲ್ಲುತ್ತದೆ. ಬಿಸಿಲು ಕೆತ್ತುವ ಹೊತ್ತಿನಲ್ಲಿಯೇ ಹೆಚ್ಚು ಕಾಡುತ್ತದೆ. ಮೇಲಿನ ಮಜಲಿನ ಹಲಗೆಯನ್ನಷ್ಟೇ ಮೊದಲು ಬಿಚ್ಚಿ, ಅಲ್ಲಿನ ಕೆಲಸ ಮುಗಿಸಿ, ಆಮೇಲೆ ಕೆಳಗಿನದನ್ನು ಬಿಚ್ಚಿದರೆ ಉಳಿದ ಉಸುಕು ಹಸಿಯಾಗಿಯೇ ಇರುತ್ತದೆ, ಮೇಲಿನಿಂದ ಉದುರುವ ಪುಡಿಯೂ ಮುಗಿದ ಕೆತ್ತನೆಯನ್ನು ಕೆಡಿಸುವುದಿಲ್ಲ. ಆಗಾಗ ಮಂಜಿನಂತೆ ನೀರು ಸಿಂಪಡಿಸುತ್ತಿರಿ. ಹೊಲಕ್ಕೆ ಔಷಧ ಹೊಡೆದ ಪಂಪನ್ನು ಮಾತ್ರ ಇದಕ್ಕೆ ಬಳಸಬೇಡಿ, ಕೊಳವೆಯಿಂದ ಊದುವವರ ಮುಖ ಉಸುಕಿನ ಪಕ್ಕದಲ್ಲಿಯೇ ಇರುತ್ತದೆ. ಕೆಲಸ ಪೂರ್ತಿಯಾದ ಮೇಲೆ ಒಂದು ಪಾಲು ಫೆವಿಕಾಲ್‌ಗೆ ಹತ್ತು ಪಾಲು ನೀರು ಬೆರೆಸಿ ಹಗುರವಾಗಿ ಸಿಂಪಡಿಸಿದರೆ ಮೇಲ್ಮೈ ತೆಳುವಾದ ಸಿಪ್ಪೆಯಂತೆ ಗಟ್ಟಿಯಾಗುತ್ತದೆ. ಆಮೇಲೆ ತಿದ್ದುವುದು ಕಷ್ಟ, ಹೀಗಾಗಿ ಅವಸರ ಬೇಡ. ಹೊಳೆಯ ದಂಡೆಯಲ್ಲಿ ಮಾಡಿದ ಶಿಲ್ಪಕ್ಕೆ ಇದನ್ನು ಹೊಡೆಯಬಾರದು.

ಕಾಯಮ್ಮಾಗಿ ಇಡಬೇಕೆಂದರೆ ಸೂರು ಬೇಕು. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ದಾರಿಯಲ್ಲಿರುವ ಎಂ.ಎನ್. ಗೌರಿ ಅವರ ಮರಳು ಶಿಲ್ಪಗಳ ಸಂಗ್ರಹಾಲಯದಲ್ಲಿ ಶಿಲ್ಪಗಳೆಲ್ಲ ಸೂರಿನಡಿಯೇ ಇವೆ. ಪುರಿಯ ಕಡಲತೀರದಲ್ಲಿ ಕೆಲಸ ಮಾಡುತ್ತ 2014ರಲ್ಲಿ ಪದ್ಮಶ್ರೀ ಪಡೆದ ಸುದರ್ಶನ್ ಪಟ್ನಾಯಕ್ ಅವರ ಶಿಲ್ಪಗಳು ತೀರದ ಗಾಳಿಗೆ ಕರಗಿ, ಛಾಯಾಚಿತ್ರಗಳಲ್ಲಿ ಉಳಿಯುತ್ತವೆ. ಶಾಲೆ ಕಾಲೇಜುಗಳಿಗೆ ಎರಡನೆಯ ದಾರಿಯೇ ಸಾಕು. ಬೆಳಿಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ನಾಲ್ಕೂ ಕಡೆಯಿಂದ ಫೋಟೋ ತೆಗೆದಿಡಿ. ಶಿಲ್ಪದ ಮುಂದೆ ಇಡುವ ಫಲಕದಲ್ಲಿ ಚಿತ್ರದ ಹೆಸರು, ವರ್ಷ, ನಿರ್ದೇಶಕರ ಮತ್ತು ನಟಿಯ ಹೆಸರನ್ನು ಬರೆಯಿಸಿ. ಸರೋಜಾದೇವಿಯವರು 2025ರ ಜುಲೈ 14ರಂದು ತೀರಿಕೊಂಡರು, ಅವರ ಹೆಸರು ಅಲ್ಲಿ ಇರಲೇಬೇಕು. ಉಸುಕು ತುಳಿದು ಹಲಗೆ ಹೊತ್ತ ಮಕ್ಕಳ ಹೆಸರುಗಳೂ ಅದೇ ಫಲಕದಲ್ಲಿ, ಅದೇ ಗಾತ್ರದ ಅಕ್ಷರಗಳಲ್ಲಿ ಇರಲಿ.