ಓದುಗರ ಪ್ರಶ್ನೆ: ಮೆಚ್ಚಿದ ಜಾಹೀರಾತು, ಮೆಚ್ಚದ ಜಾಹೀರಾತು

ಟಿ.ವಿ. ಜಾಹೀರಾತುಗಳ ಕುರಿತು ಓದುಗರ ಅನಿಸಿಕೆಗಳನ್ನು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ಕಾನೂನಿಗೆ ಸಂಬಂಧಿಸಿದ ಮಾತುಗಳನ್ನು ಬಿಟ್ಟರೆ ಉಳಿದುದೆಲ್ಲ ಒಬ್ಬ ವೀಕ್ಷಕಿಯಾಗಿ ನನ್ನ ವೈಯಕ್ತಿಕ ಅಭಿಪ್ರಾಯ.

ಪ್ರಶ್ನೆ: ಜಾಹೀರಾತು ಶುರುವಾದ ಕೂಡಲೇ ನಮ್ಮ ಮನೆಯಲ್ಲಿ ಎಲ್ಲರೂ ರಿಮೋಟ್ ಹುಡುಕುತ್ತಾರೆ. ಜಾಹೀರಾತು ಎಂದರೆ ಸುಳ್ಳು ಎಂಬುದು ಮಕ್ಕಳ ವಾದ. ನೀವು ಮನಸಾರೆ ಮೆಚ್ಚಿದ ಜಾಹೀರಾತು ಒಂದಾದರೂ ಇದೆಯೇ? (ನಿವೃತ್ತ ಬ್ಯಾಂಕ್ ನೌಕರರು, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಒಂದಲ್ಲ, ಹಲವು ಇವೆ. ದೂರದರ್ಶನದಲ್ಲಿ ಜಾಹೀರಾತು ಪ್ರಸಾರ ಆರಂಭವಾದದ್ದು 1976ರ ಜನವರಿ 1ರಂದು. ಅಂದಿನಿಂದ ಬಂದುಹೋದ ಅಸಂಖ್ಯ ಜಾಹೀರಾತುಗಳಲ್ಲಿ ಜನ ಇಂದಿಗೂ ನೆನೆಯುವಂಥವುಗಳನ್ನು ಗಮನಿಸಿದರೆ, ಅವುಗಳಲ್ಲಿ ಬಹುಪಾಲು ನೋಡುವವರನ್ನು ಬುದ್ಧಿವಂತರೆಂದು ನಂಬಿ ಮಾಡಿದವು ಎಂಬುದು ತಿಳಿಯುತ್ತದೆ.

ಫೆವಿಕಾಲ್‌ನ ಬಸ್ಸಿನ ಜಾಹೀರಾತನ್ನೇ ನೋಡಿ. ಮರುಭೂಮಿಯ ಹಾದಿಯಲ್ಲಿ ಒಂದು ಬಸ್ಸು ಹೊರಟಿದೆ. ಒಳಗೆ, ಮೇಲೆ, ಪಕ್ಕದಲ್ಲಿ ಎಲ್ಲೆಲ್ಲೂ ಜನ ಜೋತುಬಿದ್ದಿದ್ದಾರೆ, ಬಸ್ಸು ಎಷ್ಟು ಕುಲುಕಿದರೂ ಒಬ್ಬರೂ ಕೆಳಗೆ ಬೀಳುವುದಿಲ್ಲ, ಕೊನೆಗೆ ಬಸ್ಸಿನ ಹಿಂಭಾಗದ ಫಲಕದಲ್ಲಿ ಅಂಟಿನ ಹೆಸರು ಕಾಣಿಸುತ್ತದೆ. ಅಲ್ಲಿ ಯಾರೂ ನಮಗೆ ಉಪದೇಶ ಮಾಡುವುದಿಲ್ಲ, ಈ ಅಂಟು ಕೊಳ್ಳದಿದ್ದರೆ ಮನೆಯ ಮರ್ಯಾದೆ ಹೋದೀತೆಂದು ಹೆದರಿಸುವುದಿಲ್ಲ. ಮಾತಿನ ಹಂಗಿಲ್ಲದ ಕಾರಣ ಅದು ಜೈಸಲ್ಮೇರಿನವರಿಗೂ ಕುಂದಗೋಳದವರಿಗೂ ಒಂದೇ ರೀತಿ ಅರ್ಥವಾಗುತ್ತದೆ. ಅಂಟಿನ ಕೆಲಸ ಹಿಡಿದಿಡುವುದು. ಜಾಹೀರಾತು ಹೇಳುವುದೂ ಅಷ್ಟನ್ನೇ.

ಎಂಬತ್ತರ ದಶಕದ ಸರ್ಫ್ ಜಾಹೀರಾತಿನ ಲಲಿತಾಜಿಯನ್ನು ನೀವೂ ನೋಡಿರುತ್ತೀರಿ. ಕಡಿಮೆ ಬೆಲೆಯ ನಿರ್ಮಾ ಪುಡಿ ಮನೆಮನೆಗೂ ಬಂದಿದ್ದ ಕಾಲವದು. ಕವಿತಾ ಚೌಧರಿ ನಟಿಸಿದ್ದ ಆ ಪಾತ್ರ ತರಕಾರಿಯವನೊಡನೆ ಚೌಕಾಸಿ ಮಾಡುತ್ತದೆ, ಅಗ್ಗದ ವಸ್ತುವಿಗೂ ಒಳ್ಳೆಯ ವಸ್ತುವಿಗೂ ವ್ಯತ್ಯಾಸವಿದೆಯೆಂದು ಹೇಳುತ್ತದೆ, ಅರ್ಧ ಕಿಲೋ ಸರ್ಫ್ ಒಂದು ಕಿಲೋ ಅಗ್ಗದ ಪುಡಿಯಷ್ಟೇ ಕೆಲಸ ಮಾಡುತ್ತದೆಂದು ಲೆಕ್ಕ ಕೊಡುತ್ತದೆ. ಆ ಲೆಕ್ಕವನ್ನು ಒಪ್ಪದವರು ಮನೆಯಲ್ಲೇ ಬಟ್ಟೆ ಒಗೆದು ಪರೀಕ್ಷಿಸಬಹುದಿತ್ತು. ಗೃಹಿಣಿಯನ್ನು ಮನೆಯ ಜಮಾಖರ್ಚು ಬಲ್ಲವಳೆಂದು ತೋರಿಸಿದ್ದಕ್ಕಾಗಿ ನನಗೆ ಆ ಜಾಹೀರಾತಿನ ಮೇಲೆ ಇಂದಿಗೂ ಗೌರವವಿದೆ. ಕಲೆ ಹೋಗದ ಅಂಗಿಯನ್ನು ಹಿಡಿದು ಗಂಡನ ಎದುರು ತಲೆತಗ್ಗಿಸಿ ನಿಲ್ಲುವ ಹೆಂಗಸರನ್ನು ಅದರ ನಂತರವೂ ಎಷ್ಟೋ ಜಾಹೀರಾತುಗಳಲ್ಲಿ ನೋಡಬೇಕಾಗಿ ಬಂದಿತೆಂಬುದು ಬೇಸರದ ಸಂಗತಿ.

ಕ್ಯಾಡ್‌ಬರಿಯ ಕ್ರಿಕೆಟ್ ಜಾಹೀರಾತನ್ನೂ ಸೇರಿಸುತ್ತೇನೆ. 1994ರ ಮೂಲದಲ್ಲಿ ಆಟಗಾರ ಸಿಕ್ಸರ್ ಹೊಡೆದಾಗ ಹುಡುಗಿ ಕುಣಿಯುತ್ತ ಮೈದಾನಕ್ಕೆ ನುಗ್ಗುತ್ತಾಳೆ. 2021ರಲ್ಲಿ ಅದನ್ನೇ ಮತ್ತೆ ಮಾಡಿದಾಗ ಬ್ಯಾಟ್ ಹಿಡಿದವಳು ಹೆಣ್ಣು, ಕುಣಿದವನು ಗಂಡು. ಕಾಲ ಬದಲಾದದ್ದನ್ನು ಭಾಷಣವಿಲ್ಲದೆ ಹೇಳಿದ ಕೆಲಸವದು.

ಪ್ರಶ್ನೆ: ನನ್ನ ಮಗಳು ಎಣ್ಣೆಗೆಂಪು ಬಣ್ಣದವಳು. ಟಿ.ವಿ. ನೋಡುತ್ತ ನೋಡುತ್ತ ತಾನು ಚೆಂದವಿಲ್ಲವೆಂದು ಹೇಳಲು ಕಲಿತಿದ್ದಾಳೆ. ಬಿಳುಪು ಮಾಡುವ ಕ್ರೀಮುಗಳ ಜಾಹೀರಾತನ್ನು ಯಾರೂ ಕೇಳುವವರಿಲ್ಲವೇ? (ಗೃಹಿಣಿ, ರಾಣೆಬೆನ್ನೂರು)

ಉತ್ತರ: ಅಕ್ಕಾ, ಬಂದ ಪತ್ರಗಳಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ನಿಮ್ಮದು. ಈ ಬಗೆಯ ಜಾಹೀರಾತುಗಳ ಕಥೆ ದಶಕಗಳ ಕಾಲ ಒಂದೇ ಆಗಿತ್ತು: ಕಪ್ಪಗಿರುವ ಹುಡುಗಿಗೆ ಕೆಲಸ ಸಿಗುವುದಿಲ್ಲ ಅಥವಾ ವರ ಒಪ್ಪುವುದಿಲ್ಲ, ಕ್ರೀಮು ಹಚ್ಚಿದ ಕೆಲವೇ ವಾರಗಳಲ್ಲಿ ಎರಡೂ ಸಿಗುತ್ತವೆ. ಬಿಸಿಲಲ್ಲಿ ದುಡಿಯುವ ನಮ್ಮ ಸೀಮೆಯಲ್ಲಿ, ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಹೆಣ್ಣುಮಕ್ಕಳೇ ಮನೆಮನೆಯಲ್ಲಿರುವಾಗ, ಈ ಕಥೆ ಸಾವಿರಾರು ಕುಟುಂಬಗಳನ್ನು ಅವಮಾನಿಸುತ್ತದೆಂದು ನಾನು ಭಾವಿಸುತ್ತೇನೆ. ಇಲ್ಲದ ಕೊರತೆಯನ್ನು ಹುಟ್ಟಿಸಿ, ಅದಕ್ಕೆ ತಾನೇ ಮದ್ದು ಮಾರುವ ಜಾಹೀರಾತಿಗಿಂತ ಕೆಟ್ಟದ್ದನ್ನು ನಾನು ಕಾಣೆ.

ಕೇಳುವವರು ಇದ್ದಾರೆ. ಜಾಹೀರಾತು ಉದ್ಯಮವೇ 1985ರಲ್ಲಿ ಕಟ್ಟಿಕೊಂಡ ಭಾರತೀಯ ಜಾಹೀರಾತು ಮಾನದಂಡ ಮಂಡಳಿ, ಕಪ್ಪು ಮೈಬಣ್ಣದವರನ್ನು ದುಃಖಿಗಳೆಂದೋ ಸೋತವರೆಂದೋ ತೋರಿಸಬಾರದೆಂದು 2014ರಲ್ಲಿ ಮಾರ್ಗಸೂಚಿ ಹೊರಡಿಸಿತು. 2020ರಲ್ಲಿ ‘ಫೇರ್ ಆ್ಯಂಡ್ ಲವ್ಲಿ’ ತನ್ನ ಹೆಸರನ್ನು ‘ಗ್ಲೋ ಆ್ಯಂಡ್ ಲವ್ಲಿ’ ಎಂದು ಬದಲಿಸಿಕೊಂಡಿತು. ಹೆಸರು ಬದಲಾದ ಮಾತ್ರಕ್ಕೆ ಎಲ್ಲವೂ ಸರಿಹೋಯಿತೆಂದು ನಾನು ಒಪ್ಪುವುದಿಲ್ಲ, ಏಕೆಂದರೆ ಇಂದಿಗೂ ಸಾಬೂನಿನಿಂದ ಹಿಡಿದು ಚಿನ್ನದ ಅಂಗಡಿಯವರೆಗಿನ ಜಾಹೀರಾತುಗಳಲ್ಲಿ ಮದುಮಗಳಾಗಿ ಬರುವ ಹುಡುಗಿ ಬೆಳ್ಳಗೇ ಇರುತ್ತಾಳೆ. ಮಗಳೊಡನೆ ಕುಳಿತು ನೋಡುವಾಗ ಜಾಹೀರಾತು ಮುಗಿದ ಮೇಲೆ ಅದರ ಬಗ್ಗೆ ಬಾಯಿಬಿಟ್ಟು ಮಾತನಾಡಿ: ಬೆಳಕು ಹೇಗೆ ಬಿಟ್ಟಿದ್ದಾರೆ, ಮೊದಲ ಚಿತ್ರದಲ್ಲಿ ಮುಖವನ್ನು ಎಷ್ಟು ಮಂಕು ಮಾಡಿದ್ದಾರೆ ಎಂಬುದನ್ನು ತೋರಿಸಿ. ಕಣ್ಣಿಗೆ ಕಂಡ ತಂತ್ರ ಮನಸ್ಸಿನಲ್ಲಿ ಅಷ್ಟಾಗಿ ನಾಟುವುದಿಲ್ಲ.

ಪ್ರಶ್ನೆ: ದೊಡ್ಡ ದೊಡ್ಡ ನಟರು ಏಲಕ್ಕಿಯ ಜಾಹೀರಾತಿನಲ್ಲಿ ಬರುತ್ತಾರೆ. ನಮ್ಮ ಪಾನ್ ಅಂಗಡಿಯಲ್ಲಿ ಅದೇ ಹೆಸರಿನ ಏಲಕ್ಕಿಯನ್ನು ಕೇಳುವವರಿಲ್ಲ, ಪಾನ್ ಮಸಾಲಾ ಕೇಳುತ್ತಾರೆ. ಇದು ನ್ಯಾಯವೇ? (ಅಂಗಡಿಯವರು, ಗದಗ)

ಉತ್ತರ: ನ್ಯಾಯವಲ್ಲ, ಮತ್ತು ಇದನ್ನು ಅಂಗಡಿಯಲ್ಲಿ ಕುಳಿತ ನೀವೇ ಬರೆದಿರುವುದು ನನಗೆ ಬಹಳ ಮುಖ್ಯವೆನಿಸಿತು. ತಂಬಾಕು ಮತ್ತು ಮದ್ಯವನ್ನು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪ್ರಚಾರ ಮಾಡಬಾರದೆಂದು ಕೇಬಲ್ ಟೆಲಿವಿಷನ್ ನಿಯಮಗಳು ಹೇಳುತ್ತವೆ. ನಿಷೇಧಿತ ವಸ್ತುವಿನ ಹೆಸರನ್ನು ಬೇರೊಂದು ವಸ್ತುವಿನ ಮೇಲೆ ಹಾಕಿ ಮಾಡುವ ಬದಲಿ ಜಾಹೀರಾತನ್ನು 2022ರ ಜೂನ್‌ನಲ್ಲಿ ಬಂದ ಕೇಂದ್ರದ ಮಾರ್ಗಸೂಚಿಗಳು ಸ್ಪಷ್ಟವಾಗಿ ನಿಷೇಧಿಸಿವೆ. ಕರ್ನಾಟಕ ಸರ್ಕಾರ 2013ರಲ್ಲೇ ಗುಟ್ಕಾ ನಿಷೇಧಿಸಿತು. ಆದರೆ ಪಾನ್ ಮಸಾಲಾ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದು ಚೀಟಿನಲ್ಲಿ ಬಂದು ಗಿರಾಕಿಯ ಅಂಗೈಯಲ್ಲಿ ಒಂದಾಗುವುದನ್ನು ನೀವು ದಿನವೂ ನೋಡುತ್ತೀರಿ. ಈ ಚೀಟುಗಳ ಚಟ ಬಾಯಿ ಕ್ಯಾನ್ಸರಿಗೆ ದಾರಿಯೆಂದು ಗೊತ್ತಿದ್ದೂ, ಹಳ್ಳಿಯ ಹುಡುಗರು ದೇವರಂತೆ ಕಾಣುವ ನಟರು ಆ ಹೆಸರನ್ನು ಹೆಮ್ಮೆಯಿಂದ ಉಚ್ಚರಿಸುವುದನ್ನು ನಾನು ಕ್ಷಮಿಸಲಾರೆ.

ಕಲಾವಿದರು ಬೇರೆ ರೀತಿಯಲ್ಲೂ ನಡೆದುಕೊಂಡಿದ್ದಾರೆ. ನಂದಿನಿ ಹಾಲಿನ ಪ್ರಚಾರಕ್ಕೆ ಡಾ. ರಾಜ್‌ಕುಮಾರ್ ಅವರು ಸಂಭಾವನೆ ಪಡೆಯದೆ ಕಾಣಿಸಿಕೊಂಡರು, ನಂತರ ಪುನೀತ್ ರಾಜ್‌ಕುಮಾರ್ ಅವರೂ ಹಾಗೆಯೇ ಮಾಡಿದರು. ಹಾಲು ಹಾಕುವ ರೈತರ ಸಂಸ್ಥೆಯೆಂಬ ಅಭಿಮಾನದಿಂದ ಬಂದ ಆ ಪ್ರಚಾರವನ್ನು ನಾನು ಮೆಚ್ಚಿದ ಜಾಹೀರಾತುಗಳ ಸಾಲಿನಲ್ಲೇ ಇಡುತ್ತೇನೆ.

ಪ್ರಶ್ನೆ: ನಮ್ಮೂರಿನ ಮೆಣಸಿನಕಾಯಿ ಬಣ್ಣವಿಲ್ಲದೆ ಮಸಾಲೆ ಕಂಪನಿಗಳಿಗೆ ನಡೆಯುವುದಿಲ್ಲ. ಆದರೆ ಅವರ ಜಾಹೀರಾತಿನಲ್ಲಿ ನಮ್ಮ ಊಟವಾಗಲಿ, ನಮ್ಮ ಮಾತಾಗಲಿ ಕಾಣುವುದೇ ಇಲ್ಲ. ಏಕೆ? (ರೈತರು, ಬ್ಯಾಡಗಿ ತಾಲ್ಲೂಕು)

ಉತ್ತರ: ಮುಖ್ಯ ಕಾರಣ ಖರ್ಚು. ಮುಂಬಯಿಯಲ್ಲಿ ಒಮ್ಮೆ ಚಿತ್ರೀಕರಿಸಿ, ಅದೇ ದೃಶ್ಯಕ್ಕೆ ಹಲವು ಭಾಷೆಗಳ ಧ್ವನಿ ಕೂಡಿಸಿದರೆ ಇಡೀ ದೇಶಕ್ಕೆ ಸಾಕಾಗುತ್ತದೆ. ಹಾಗಾಗಿ ಹಿಟ್ಟಿನ ಜಾಹೀರಾತಿನಲ್ಲಿ ಉಬ್ಬಿ ಬರುವುದು ಗೋಧಿಯ ಚಪಾತಿಯೇ ಹೊರತು ಬಡಿದು ಮಾಡಿದ ಜೋಳದ ರೊಟ್ಟಿಯಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಎಣ್ಣೆಗಾಯಿ, ಶೇಂಗಾ ಚಟ್ನಿ, ಝುಣಕ ಕಾಣುವುದಿಲ್ಲ. ಅಜ್ಜಿ ಇಳಕಲ್ ಸೀರೆ ಉಟ್ಟಿರುವುದಿಲ್ಲ. ತುಟಿಯ ಚಲನೆಗೆ ಹೊಂದಿಸಲು ಎಳೆದ ಕನ್ನಡ ವಾಕ್ಯಗಳು ಯಾವ ಊರಿನ ಕನ್ನಡವೂ ಆಗಿರುವುದಿಲ್ಲ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಖಾರ ಕಡಿಮೆ, ಕೆಂಪು ಹೆಚ್ಚು ಎಂಬ ಗುಣದಿಂದ ಅದರ ಬಣ್ಣದ ಸಾರ ಅಡುಗೆಯನ್ನೂ ದಾಟಿ ತುಟಿರಂಗಿನವರೆಗೆ ಹೋಗಿದೆ. ಸುಕ್ಕುಗಟ್ಟಿದ ಆ ಕಾಯಿ, ಸುಗ್ಗಿಯಲ್ಲಿ ಕೆಂಪು ರಾಶಿಗಳಿಂದ ತುಂಬುವ ನಿಮ್ಮ ಮಾರುಕಟ್ಟೆ, ತೊಟ್ಟು ತೆಗೆಯುವ ಹೆಂಗಸರ ಕೈಗಳು ಇವೆಲ್ಲ ಒಳ್ಳೆಯ ನಿರ್ದೇಶಕರಿಗೆ ಸಿಕ್ಕರೆ ಮೂವತ್ತು ಸೆಕೆಂಡುಗಳಲ್ಲಿ ಎಷ್ಟು ಸತ್ಯವನ್ನು ಹೇಳಬಹುದು! ಪುಡಿಯ ಪೊಟ್ಟಣದ ಬೆಲೆಗೂ ಅದರಿಂದ ಒಂದು ಸಮರ್ಥನೆ ಸಿಗುತ್ತದೆ. ನಮ್ಮ ಕಡೆಯ ಮಾತು ಅಪರೂಪಕ್ಕೆ ಬಂದರೂ ನಗಿಸುವ ಪಾತ್ರದ ಬಾಯಲ್ಲೇ ಬರುತ್ತದೆ, ಇದನ್ನು ನಾನು ಬಲವಾಗಿ ಆಕ್ಷೇಪಿಸುತ್ತೇನೆ. ಬ್ಯಾಂಕಿನ ಸಾಲದ ವಿವರವನ್ನೋ ಔಷಧದ ಎಚ್ಚರಿಕೆಯನ್ನೋ ಗದುಗಿನ ಕನ್ನಡದಲ್ಲಿ ಗಂಭೀರವಾಗಿ ಹೇಳಿದರೆ ಇಲ್ಲಿಯ ಜನ ಹೆಚ್ಚು ನಂಬಿಕೆಯಿಂದ ಕೇಳುತ್ತಾರೆ.

ಪ್ರಶ್ನೆ: ಧಾರಾವಾಹಿಗಿಂತ ಜಾಹೀರಾತಿನ ಸದ್ದೇ ಜೋರು, ಹೊತ್ತೂ ಹೆಚ್ಚು. ಮಿತಿ ಇಲ್ಲವೇ? (ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಇದೆ. ಕೇಬಲ್ ಟೆಲಿವಿಷನ್ ನಿಯಮಗಳ ಪ್ರಕಾರ ಜಾಹೀರಾತು ಗಂಟೆಗೆ ಒಟ್ಟು 12 ನಿಮಿಷ ಮೀರಬಾರದು, ಅದರಲ್ಲಿ 2 ನಿಮಿಷ ವಾಹಿನಿಯ ಸ್ವಂತ ಕಾರ್ಯಕ್ರಮಗಳ ಪ್ರಚಾರಕ್ಕೆ. ಸದ್ದು ವಿಪರೀತವಾಗಿರಬಾರದೆಂದೂ ಅದೇ ನಿಯಮಗಳಲ್ಲಿದೆ. ಒಮ್ಮೆ ಗಡಿಯಾರ ಇಟ್ಟುಕೊಂಡು ಎಣಿಸಿ, ನಿಮ್ಮ ದೂರಿಗೆ ಆಧಾರ ಸಿಗುತ್ತದೆ.

ಪ್ರಶ್ನೆ: ಹಾಲಿನಲ್ಲಿ ಈ ಪುಡಿ ಬೆರೆಸಿ ಕುಡಿದರೆ ಎತ್ತರ ಬೆಳೆಯುತ್ತೇನೆಂದು ಮಗ ಹಟ ಮಾಡುತ್ತಾನೆ. ಅತ್ತೆಯವರು ಕೇಬಲ್ ವಾಹಿನಿಯಲ್ಲಿ ನೋಡಿದ ಸಕ್ಕರೆ ಕಾಯಿಲೆಯ ಔಷಧ ತರಿಸಬೇಕೆನ್ನುತ್ತಾರೆ. ಇಬ್ಬರಿಗೂ ಏನು ಹೇಳಲಿ? (ಶಿಕ್ಷಕಿ, ನವಲಗುಂದ)

ಉತ್ತರ: ಮಗನಿಗೆ ಪೊಟ್ಟಣದ ಹಿಂಭಾಗವನ್ನು ಓದಿಸಿ, ನೂರು ಗ್ರಾಮಿಗೆ ಸಕ್ಕರೆ ಎಷ್ಟೆಂದು ಅವನೇ ಹುಡುಕಲಿ. ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಆರೋಗ್ಯ ಪೇಯ ಎಂಬ ವ್ಯಾಖ್ಯೆಯೇ ಇಲ್ಲವೆಂಬ ಕಾರಣಕ್ಕೆ, ಇಂಥ ಪಾನೀಯಗಳನ್ನು ಆ ವಿಭಾಗದಿಂದ ತೆಗೆಯುವಂತೆ ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು. ಜಾಹೀರಾತಿನ ಅಡಿಯಲ್ಲಿ ಇರುವೆ ಸಾಲಿನಂತೆ ಹರಿಯುವ ಷರತ್ತುಗಳ ಬಗ್ಗೆಯೂ 2022ರ ಮಾರ್ಗಸೂಚಿಯಲ್ಲಿ ಮಾತಿದೆ: ಭರವಸೆಯನ್ನು ಯಾವ ಭಾಷೆಯಲ್ಲಿ ಕೊಟ್ಟಿದ್ದಾರೋ ಷರತ್ತನ್ನೂ ಅದೇ ಭಾಷೆಯಲ್ಲಿ, ಓದಲು ಬರುವಂತೆ ಕೊಡಬೇಕು. ಕನ್ನಡದಲ್ಲಿ ಎತ್ತರ ಬೆಳೆಸುತ್ತೇನೆಂದು ಹೇಳಿ, ಷರತ್ತನ್ನು ಇಂಗ್ಲಿಷಿನಲ್ಲಿ ಓಡಿಸಿದರೆ ಅದು ದೂರಿಗೆ ಅರ್ಹ.

ಅತ್ತೆಯವರ ವಿಷಯ ಹೆಚ್ಚು ತುರ್ತಿನದು. ಮಧುಮೇಹವನ್ನು ವಾಸಿಮಾಡುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ತಡೆಯುತ್ತದೆ. ಅದನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಿದರೆ ಕಣ್ಣು, ಮೂತ್ರಪಿಂಡ, ಕಾಲುಗಳಿಗೆ ಹಾನಿಯಾಗುತ್ತದೆ ಎಂಬುದನ್ನು ಅವರಿಗೆ ಸಮಾಧಾನದಿಂದ, ಸಾಧ್ಯವಾದರೆ ವೈದ್ಯರ ಬಾಯಿಂದಲೇ ಹೇಳಿಸಿ. ಸ್ಥಳೀಯ ಕೇಬಲ್ ವಾಹಿನಿಗಳಿಗೂ ಜಾಹೀರಾತು ಸಂಹಿತೆ ಅನ್ವಯಿಸುತ್ತದೆ.

ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಯಾವ ವಾಹಿನಿ, ಯಾವ ದಿನ, ಎಷ್ಟು ಗಂಟೆಗೆ ಪ್ರಸಾರವಾಯಿತೆಂದು ಬರೆದಿಟ್ಟುಕೊಳ್ಳಿ, ಆಗದಿದ್ದರೆ ಮೊಬೈಲಿನಲ್ಲಿ ಪರದೆಯ ಚಿತ್ರ ತೆಗೆಯಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ, ತಪ್ಪು ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಈ ದಂಡ ತಯಾರಕರಿಗಷ್ಟೇ ಅಲ್ಲ, ತಾವು ಹೇಳಿದ ಮಾತು ನಿಜವೇ ಎಂದು ವಿಚಾರಿಸದೆ ವಸ್ತುವನ್ನು ಹೊಗಳಿದ ತಾರೆಯರಿಗೂ ಅನ್ವಯಿಸುತ್ತದೆ.