ಆಡಿಷನ್ ವೀಡಿಯೊ ಯಾಕೆ ಆಯ್ಕೆಯಾಗುತ್ತಿಲ್ಲ?

ಕಾಸರಗೋಡಿನ ಬದಿಯಡ್ಕದಿಂದ ಕೇಳಿದ್ದೀರಿ: ಹದಿನೈದರ ಮಗ ಶಾಲಾ ಕಲೋತ್ಸವದ ಕನ್ನಡ ನಾಟಕದಲ್ಲಿ ಚೆನ್ನಾಗಿ ಮಾಡುತ್ತಾನೆ, ಸಿನಿಮಾಕ್ಕೆ ಕಳಿಸಿದ ವೀಡಿಯೊ ಮಾತ್ರ ಒಂದೂ ಆಯ್ಕೆಯಾಗಿಲ್ಲ, ಯಾಕೆ ಎಂದು.

ಬಹುಶಃ ವೇದಿಕೆಯ ಅಭ್ಯಾಸವೇ ಅಡ್ಡ ಬರುತ್ತಿದೆ. ಹಿಂದಿನ ಸಾಲಿಗೆ ಮುಟ್ಟಿಸುವ ದನಿ, ಏರುವ ಹುಬ್ಬು, ಬೀಸುವ ಕೈ ಇವೆಲ್ಲ ಎದೆಯಿಂದ ಮೇಲಕ್ಕೆ ಹಿಡಿದ ಚೌಕಟ್ಟಿನಲ್ಲಿ ಅತಿಯಾಗುತ್ತವೆ. ಮೇಜಿನಾಚೆ ಕೂತವರೊಡನೆ ಮಾತಾಡುವಷ್ಟು ದನಿ ಸಾಕು. ಎದುರು ಪಾತ್ರದ ಮಾತನ್ನು ನೀವು ಮೊಬೈಲಿನ ಪಕ್ಕದಲ್ಲೇ ನಿಂತು, ಅವನಿಗಿಂತ ಮೆಲ್ಲಗೆ ಓದಿ. ಅವನು ನಿಮ್ಮನ್ನು ನೋಡಲಿ, ಲೆನ್ಸನ್ನಲ್ಲ. ನೀವು ಓದುವಾಗ ಅವನು ಕೇಳಿಸಿಕೊಳ್ಳುವ ಮುಖವೂ ಅಭಿನಯವೇ. ತನ್ನ ಸರದಿಗೆ ಕಾಯುತ್ತ ನಿಂತರೆ ಕೂಡಲೇ ಗೊತ್ತಾಗುತ್ತದೆ.

ಮೊಬೈಲ್ ಅಡ್ಡ, ಕಣ್ಣಿನ ಎತ್ತರಕ್ಕೆ. ಕಿಟಕಿ ಬೆನ್ನ ಹಿಂದಿದ್ದರೆ ಮುಖ ಕಪ್ಪು, ಎದುರಿಗಿರಲಿ. ಫ್ಯಾನ್ ಬಂದ್. ಮಳೆಗಾಲದಲ್ಲಿ ಶೀಟಿನ ಮಾಡಿನಡಿ ಬೇಡವೇ ಬೇಡ. ಪರಿಚಯದಲ್ಲಿ ಹೆಸರು, ವಯಸ್ಸು, ಎತ್ತರ ಹೇಳಿ, ಕನ್ನಡ, ತುಳು, ಮಲಯಾಳದಲ್ಲಿ ಒಂದೊಂದು ವಾಕ್ಯ ಆಡಲಿ. ನಮ್ಮ ಕಡೆಯವರಿಗೆ ಇದು ದೊಡ್ಡ ಬಂಡವಾಳ (ಹೇಳಲು ಮಾತ್ರ ಸಂಕೋಚ!).

'ರಿಜಿಸ್ಟ್ರೇಷನ್' ಎಂದು ಹಣ ಕೇಳಿದರೆ ಅಲ್ಲಿಗೇ ಬಿಡಿ. ಆಯ್ಕೆಯಾದರೆ ಕರಾರಿಗೆ ನೀವೇ ಸಹಿ ಹಾಕಬೇಕು; 18 ತುಂಬದವರು ಮಾಡಿಕೊಂಡ ಕರಾರು ಕಾನೂನಿನಲ್ಲಿ ನಿಲ್ಲುವುದಿಲ್ಲ. ಚಿತ್ರೀಕರಣದ ದಿನಗಳನ್ನು ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯೊಡನೆ ತಾಳೆ ನೋಡಿಯೇ ಒಪ್ಪಿ.