ಎಲ್ಲ ಸಹಕಾರಿ ಸಂಘಗಳೂ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಓಪನ್ ಸೋರ್ಸ್ ಸಾಫ್ಟ್‌ವೇರನ್ನು ಪುಕ್ಕಟೆ ಹಂಚಿಕೊಂಡರೆ ಅದರ ರಿಪೇರಿ ಯಾರು ಮಾಡುತ್ತಾರೆ?

ಬಳಸುವವರೇ. ಅದೂ ಧರ್ಮಕ್ಕಲ್ಲ, ಸ್ವಂತ ಲಾಭಕ್ಕೆ.

ಶಿರಸಿಯ ಒಂದು ಸಂಘ ಲೆಕ್ಕದ ಸಾಫ್ಟ್‌ವೇರಿನಲ್ಲಿ ರಾಶಿ, ಚಾಲಿ, ಬೆಟ್ಟೆ ಅಡಿಕೆಗೆ ಬೇರೆ ಬೇರೆ ಕಾಲಂ ಬರುವಂತೆ ತಿದ್ದಿಸಿತು ಎನ್ನಿ. ತಿದ್ದಿದ್ದನ್ನು ತನ್ನಲ್ಲೇ ಇಟ್ಟುಕೊಂಡರೆ, ಹೊಸ ಆವೃತ್ತಿ ಬಂದಾಗಲೆಲ್ಲ ಮತ್ತೆ ಕೂರಿಸಬೇಕು, ಪ್ರತಿ ಸಲ ಪ್ರೋಗ್ರಾಮರ್‌ಗೆ ದುಡ್ಡು. ಎಲ್ಲರೂ ಬಳಸುವ ಮೂಲ ಕೋಡಿಗೇ ಸೇರಿಸಿದರೆ ಆ ಖರ್ಚಿಲ್ಲ; ಸಿದ್ದಾಪುರ, ಯಲ್ಲಾಪುರದ ಸಂಘಗಳೂ ಬಳಸಿ ತಪ್ಪು ಹುಡುಕಿಕೊಡುತ್ತವೆ.

ಆದರೆ ಬೇಸರದ ಕೆಲಸ ತಾನಾಗಿ ಆಗುವುದಿಲ್ಲ, ಸಹಕಾರಿಗಳಲ್ಲೂ ಅಷ್ಟೇ. ಜಾಲತಾಣಗಳ ಗುಪ್ತತೆ ಕಾಯುವ ಓಪನ್‌ಎಸ್‌ಎಸ್‌ಎಲ್ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರನ್ನು ನೋಡಿಕೊಳ್ಳಲು ಬೆರಳೆಣಿಕೆಯ ಜನರಿದ್ದರೆಂದು ಹೆಚ್ಚಿನವರಿಗೆ ಗೊತ್ತಾದದ್ದೇ 2014ರಲ್ಲಿ, ಅದರಲ್ಲಿದ್ದ ಹಾರ್ಟ್‌ಬ್ಲೀಡ್ ಎಂಬ ದೋಷ ಹೊರಬಿದ್ದ ಮೇಲೆ. ಹಾಗಾಗಿ ಸಂಘಗಳು ವಂತಿಗೆ ಹಾಕಿ ಒಬ್ಬಿಬ್ಬರನ್ನು ಸಂಬಳಕ್ಕೇ ಇಟ್ಟುಕೊಳ್ಳುವುದು ಲೇಸು.